ಎಂಟಕ್ಕೆ ಉಂಟು

ಕುಲಶೇಖರದ ತಾರಾನಾಥ ವಿಸಿಲ್ ಊದಿದನೆಂದರೆ ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿನಲ್ಲಿ ನಿಂತಿದ್ದ ಬಸ್ಸು ಹೊರಡುತ್ತಿತ್ತು, ಬಂದರಿನಲ್ಲಿ ಹೊರಟಿದ್ದ ಹಡಗು ನಿಲ್ಲುತ್ತಿತ್ತು. ಉಮರಬ್ಬರ ‘ಸುಮಯ್ಯಾ’ ಬಸ್ಸಿನಲ್ಲಿ ಅವನು ಮೂವತ್ತೊಂದು ವರ್ಷ ಕಂಡಕ್ಟರ್. ಫುಟ್‌ಬೋರ್ಡಿನಲ್ಲಿ ನೇತಾಡಿ ನೇತಾಡಿ ಅವನ ಬಲಗೈ ಎಡಗೈಗಿಂತ ಒಂದು ಗೇಣು ಉದ್ದವಾಗಿತ್ತು. ಗಡಿಯಾರಗಳು ಅವನ ಮುಖ ನೋಡಿ ಮುಳ್ಳು ತಿದ್ದಿಕೊಳ್ಳುತ್ತಿದ್ದವು. ನಂತೂರಿಗೆ ಎಂಟು ಹನ್ನೆರಡು ಎಂದರೆ ಎಂಟು ಹನ್ನೆರಡೇ. ಹದಿಮೂರಾಯಿತೋ, ಡ್ರೈವರನ ಏಳು ತಲೆಮಾರಿಗೆ ಮಂಗಳಾರತಿ.

ಮನೆಯ ಮಟ್ಟಿಗೆ ಮಾತ್ರ ಈ ಟೈಮಿಂಗನ್ನು ಹೆಂಡತಿ ಜಲಜಾಕ್ಷಿ ಕಂಡದ್ದೇ ಇಲ್ಲ. ಅವಳನ್ನು ಹೆರಿಗೆಗೆ ಕರೆದುಕೊಂಡು ಹೋಗುತ್ತೇನೆಂದು ಹೇಳಿ ಹೋದ ಮನುಷ್ಯ ಬಂದದ್ದು ಮಗಳು ಅಕ್ಷಿತಾ ಹುಟ್ಟಿ, ಮಿಂದು, ತೂಕ ನೋಡಿಸಿಕೊಂಡು, ಒಂದು ನಿದ್ದೆ ಮುಗಿಸಿದ ಮೇಲೆ. ಇಪ್ಪತ್ತೆಂಟು ವರ್ಷದಿಂದ ಜಲಜಾಕ್ಷಿ ಇದನ್ನು ವಾರಕ್ಕೊಮ್ಮೆ ನೆನಪಿಸುತ್ತಾ ಬಂದಿದ್ದಳು. ಮಡಿಲಲ್ಲಿ ಬೀಡಿ ಕಟ್ಟುವ ತಡ್ಪೆಯ ಮೊರ, ಕೈಯಲ್ಲಿ ಎಲೆ, ಬಾಯಲ್ಲಿ ಗಂಡ. ಮೂರೂ ಒಟ್ಟಿಗೆ ಸುತ್ತುತ್ತಿದ್ದಳು.

ಆ ವರ್ಷ ಕೃಷ್ಣಾಷ್ಟಮಿಯ ಮರುದಿನ, ಬಸ್ಸು ನಂತೂರಿನ ಸರ್ಕಲ್ ದಾಟುತ್ತಿದ್ದಾಗ, ತಾರಾನಾಥ ಟಿಕೆಟ್ ಹರಿಯುತ್ತಲೇ ಬಿದ್ದ. ಪುಣ್ಯಕ್ಕೆ ಬಿದ್ದದ್ದು ಬಸ್ಸಿನ ಒಳಗೆ. ಕೈಕಾಲು ಸೆಟೆದು ನಡುಗಿತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು, ಬಾಯಲ್ಲಿ ನೊರೆ. ಪ್ಯಾಸೆಂಜರುಗಳು ಹನ್ನೊಂದು ಬೀಗದ ಕೈಗಳನ್ನು ಅವನ ಮುಷ್ಟಿಯಲ್ಲಿ ತುರುಕಿದರು. ಒಬ್ಬಾಕೆ ಮಾರ್ಕೆಟಿನಿಂದ ತಂದ ನೀರುಳ್ಳಿಯನ್ನು ಜಜ್ಜಿ ಮೂಗಿಗೆ ಹಿಡಿದಳು. ಇನ್ನೊಬ್ಬ ತನ್ನ ಚಪ್ಪಲಿಯನ್ನೇ ಹಿಡಿದ. ಎಚ್ಚರವಾದಾಗ ತಾರಾನಾಥ ಕೇಳಿದ ಮೊದಲ ಮಾತು: “ಟೈಮೆಷ್ಟು?”

ಆಸ್ಪತ್ರೆಯಲ್ಲಿ ತಲೆಯ ಫೋಟೋ ತೆಗೆದು ನೋಡಿದ ಡಾಕ್ಟರ್ ಸುಪ್ರೀತಾ ಇದು ಫಿಟ್ಸ್ ಎಂದರು. ಹಿಂದೆ ಯಾವುದೋ ಕಾಲದಲ್ಲಿ ಬ್ರೇಕ್ ಹಾಕಿದಾಗ ಕಂಬಿಗೆ ಬಡಿದ ತಲೆಯ ಒಳಗೆ ಒಂದು ಕಲೆ ಉಳಿದಿತ್ತಂತೆ. ಡಾಕ್ಟರ್ ಧಾರವಾಡದವರು, ಮಂಗಳೂರಿಗೆ ಬಂದು ಒಂದು ವರ್ಷವಾಗಿತ್ತು, ಇಲ್ಲಿಯ ಮಾತು ಕಲಿಯಬೇಕೆಂದು ಬಹಳ ಹಂಬಲ.

“ಬೆಳಿಗ್ಗೆ ಎಂಟಕ್ಕ ಒಂದು, ಸಂಜಿ ಎಂಟಕ್ಕ ಒಂದು. ತಪ್ಪಸಂಗಿಲ್ರಿ,” ಎಂದರು. “ನೀವಾಗೇ ನಿಲ್ಲಸಂಗಿಲ್ಲ. ಒಮ್ಮಿಗೆ ನಿಲ್ಲಿಸಿದ್ರ ಮೊದಲಿನಕಿಂತ ಜೋರ ಬರಬಹುದು. ಕುಡಿಯೋದು ಬಂದ್. ಫುಟ್‌ಬೋರ್ಡ್ ಬಂದ್. ಗಾಡಿ ಓಡ್ಸೋದು ಬಂದ್. ಮೈಮ್ಯಾಲ ಕೆಂಪು ಗುಳ್ಳಿ ಎದ್ರ ಅವತ್ತೇ ಬರ್ರಿ.”

“ಫುಟ್‌ಬೋರ್ಡ್ ಇಲ್ಲದೆ ನಾನೆಂತ ಮಾಡುದು ಡಾಕ್ಟ್ರೇ?” ಎಂದ ತಾರಾನಾಥ. ಶೇಂದಿಯ ಬಗ್ಗೆ ಅವನು ಏನೂ ಕೇಳಲಿಲ್ಲ. ಜಲಜಾಕ್ಷಿ ಪಕ್ಕದಲ್ಲೇ ಇದ್ದಳಲ್ಲ.

ಮೂರನೇ ದಿನ ಉಮರಬ್ಬ ಒಂದು ಗೊನೆ ಕದಳಿ ಹಣ್ಣು ಹಿಡಿದುಕೊಂಡು ಮನೆಗೆ ಬಂದರು. ಬಂದವರು ಹಣ್ಣನ್ನು ಇಡುವುದನ್ನೂ ಮರೆತು ಅರ್ಧ ಗಂಟೆ ಹೆಗಲ ಮೇಲೆಯೇ ಹೊತ್ತು ಕೂತರು. ಮೂವತ್ತೊಂದು ವರ್ಷದ ಕಂಡಕ್ಟರನಿಗೆ ಬೇಡ ಅನ್ನುವುದು ಅವರಿಗೂ ಸುಲಭವಾಗಿರಲಿಲ್ಲ.

“ತಾರಣ್ಣ, ಬಸ್ಸಿಗೆ ಇನ್ನು ಬೇಡ. ನೀನು ಬಿದ್ರೆ ನನಗೆ ಹಿಡ್ಕೊಳ್ಳಲಿಕ್ಕೆ ಆಗುದಿಲ್ಲ, ಅಲ್ಲಾಹು ಹಿಡ್ಕೊಳ್ಳಬೇಕು ಅಷ್ಟೆ,” ಎಂದರು. “ಆದ್ರೆ ನಂತೂರಲ್ಲಿ ನಮ್ಮ ಟೈಮ್ ಆಫೀಸು ಉಂಟಲ್ಲ, ಬೂಬಣ್ಣ ಕೂತ್ಕೊಳ್ಳುದು? ಅವನಿಗೆ ಕಣ್ಣು ಕಾಣುದಿಲ್ಲ. ಮೊನ್ನೆ ಹಾಲಿನ ಟ್ಯಾಂಕರಿಗೆ ಲೇಟ್ ಅಂತ ಬೈದಿದ್ದಾನೆ. ಶಿವರಾತ್ರಿ ಕಳೆದ್ರೆ ಅವ ಬಿಡ್ತಾನೆ. ಆ ಕುರ್ಚಿ ನಿನಗೆ.”

ತಾರಾನಾಥನ ಕಣ್ಣು ಹೊಳೆಯಿತು. ಟೈಮ್‌ಕೀಪರ್! ಎಲ್ಲ ಬಸ್ಸುಗಳೂ ಬಂದು ಅವನ ಮುಂದೆ ತಲೆ ಬಾಗಿಸಿ ಹೋಗುವ ಕುರ್ಚಿ!

“ಒಂದೇ ಕಂಡೀಷನ್,” ಎಂದರು ಉಮರಬ್ಬ. “ಆರು ತಿಂಗಳು ಬೀಳಬಾರ್ದು. ಅಲ್ಲಿ ಎದುರಲ್ಲಿ ಲಾರಿಗಳು ಯಮನ ಬಾವಂದಿರ ಹಾಗೆ ಬರ್ತವೆ. ನೀನು ಬಿದ್ದು ರೋಡಿಗೆ ಉರುಳಿದ್ರೆ ನಾನು ಜಲಜಕ್ಕನ ಮುಖ ಹೇಗೆ ನೋಡುದು? ಡಾಕ್ಟ್ರ ಕಾಗದ ತಾ. ಬಿದ್ದರೆ ಕುರ್ಚಿ ಬೇರೆಯವನಿಗೆ. ಬೇಜಾರು ಮಾಡ್ಬೇಡ.”

ಆ ರಾತ್ರಿ ತಾರಾನಾಥ ಬರಿಗೈಯಲ್ಲಿ ಕೂತಿದ್ದ. ಮೂವತ್ತೊಂದು ವರ್ಷ ವಿಸಿಲ್ ಇದ್ದ ಕೈ ಅದು. ಜಲಜಾಕ್ಷಿ ಬಾಗಿಲಿನ ಹಿಂದಿನಿಂದ ನೋಡಿದಳು. ಗಂಡ ಬಸ್ಸಿಲ್ಲದೆ ಮನೆಯ ಮೂಲೆಯಲ್ಲಿ ಒಣಗಿ ಹೋಗುವುದನ್ನು ನೋಡುವುದಕ್ಕಿಂತ ಅವನ ಹೆರಿಗೆ ದಿನದ ತಪ್ಪನ್ನು ಕ್ಷಮಿಸಿಬಿಡುವುದೇ ಸುಲಭ ಎಂದು ಅವಳಿಗೆ ಅನ್ನಿಸಿತು. ಅಂದರೆ ಎಷ್ಟು ಕಷ್ಟ ಎಂದು ಲೆಕ್ಕ ಹಾಕಿ. ಈ ಕುರ್ಚಿಯನ್ನು ತಂದುಕೊಟ್ಟೇ ಕೊಡುತ್ತೇನೆ ಎಂದು ಅವಳು ತೀರ್ಮಾನಿಸಿದಳು.

ಆದರೆ ತಾರಾನಾಥ ಎರಡನೇ ವಾರದಲ್ಲೇ ಎಡವಿದ. ಬೆಳಿಗ್ಗೆ ಪೇಪರಿನಲ್ಲಿ ಮುಳುಗಿ ಮಾತ್ರೆ ಮರೆತ. ಸಂಜೆ ನೆನಪಾಯಿತು. ಹೆಂಡತಿಗೆ ಹೇಳಿದರೆ ಸುಮ್ಮನೆ ಬೈಗುಳ ಎಂದು ಎಂಟಕ್ಕೆ ಎರಡು ಮಾತ್ರೆ ನುಂಗಿ, ಮೇಲಿಂದ ಒಂದು ಲೋಟ ನೀರು ಕುಡಿದು ಮೀಸೆ ಒರೆಸಿಕೊಂಡ. ಒಂಬತ್ತಾಗುವಾಗ ಮನೆ ದೋಣಿಯ ಹಾಗೆ ಓಲಾಡತೊಡಗಿತು. ಗೋಡೆ ಹಿಡಿದು ನಡೆದು ಬಂದು, ಬೀಡಿ ಕಟ್ಟುತ್ತಿದ್ದ ಜಲಜಾಕ್ಷಿಯನ್ನು ನೋಡಿ ಕೈಮುಗಿದ.

“ಎಂತ ಆಯ್ತು?”

“ಜಲಜಾ, ನೀನು ಎರಡೆರಡು ಕಾಣ್ತಿ ಮಾರಾಯ್ತಿ. ಒಬ್ಬಳನ್ನೇ ತಡ್ಕೊಳ್ಳಲಿಕ್ಕೆ ಆಗುದಿಲ್ಲ, ಇಬ್ಬರು ಯಾಕೆ?”

ಅವಳು ಅವನನ್ನು ಕೂರಿಸಿ ಕೂಡಲೇ ಡಾಕ್ಟರಿಗೆ ಫೋನ್ ಮಾಡಿದಳು. ಅವರು ಹೇಳಿದ ಹಾಗೆ ರಿಕ್ಷಾ ಹಿಡಿದು ಆಸ್ಪತ್ರೆಗೆ ಹೋದದ್ದಾಯಿತು. ನಾಡಿ, ಪ್ರೆಶರ್ ಎಲ್ಲ ನೋಡಿ, ಅಮಲು ಇಳಿಯುವ ತನಕ ಕೂರಿಸಿಕೊಂಡು ಡಾಕ್ಟರ್ ಕೇಳಿದರು: “ಎರಡು ಯಾಕ ತಗೊಂಡ್ರಿ?”

“ಅಲ್ಲ ಡಾಕ್ಟ್ರೇ, ಒಂದು ಟ್ರಿಪ್ ಕಟ್ ಆಯ್ತು ಅಂತ ಇಟ್ಕೊಳ್ಳಿ. ಆ ಟ್ರಿಪ್ಪಿನ ಜನ ಸ್ಟಾಪಲ್ಲೇ ನಿಂತಿರ್ತಾರಲ್ಲ? ಅವರನ್ನೂ ಮುಂದಿನ ಟ್ರಿಪ್ಪಿಗೆ ತುಂಬಿಸ್ಲೇಬೇಕು. ನಾವು ಹಾಗೇ ಮಾಡುದು.”

ಡಾಕ್ಟರ್ ನಗು ತಡೆಯಲು ಪೆನ್ನು ಕಚ್ಚಿಕೊಂಡರು. “ಹೊಟ್ಟಿ ನಿಮ್ಮ ಬಸ್ಸಲ್ರೀ. ಮರೆತದ್ದು ಲಗೂ ನೆನಪಾದ್ರ ಅದನ್ನ ಆಗಲೇ ತಗೋರಿ. ಮುಂದಿನದರ ಹೊತ್ತು ಹತ್ರ ಬಂದಿದ್ರ ಮರೆತದ್ದು ಬಿಟ್ಟುಬಿಡ್ರಿ. ಎರಡು ಕೂಡಿಸಿ ನುಂಗಬ್ಯಾಡ್ರಿ. ಗೊತ್ತಾಗ್ಲಿಲ್ಲಂದ್ರ ನನಗ ಫೋನ್ ಮಾಡ್ರಿ.”

“ಕೇಳಿತಾ?” ಎಂದಳು ಜಲಜಾಕ್ಷಿ. “ಲೇಟಾದ್ರೂ ಬಸ್ಸು ಹೊರಡಿಸಬಹುದು. ಕಟ್ ಆದ್ರೆ ಕಟ್ಟೇ. ಓವರ್‌ಲೋಡ್ ಇಲ್ಲ.”

ಡಾಕ್ಟರ್ ಅದನ್ನು ಕಾಗದದಲ್ಲಿ ಬರೆದುಕೊಂಡರು, ಬೇರೆ ಕಂಡಕ್ಟರುಗಳಿಗೆ ಹೇಳಲು ಬೇಕಾಗುತ್ತದೆಂದು.

ಮನೆಗೆ ಬಂದವಳೇ ಜಲಜಾಕ್ಷಿ ಅಡಿಗೆಮನೆಯಲ್ಲಿ ಟೈಮ್ ಆಫೀಸು ತೆರೆದಳು. ಗೋಡೆಯ ಕ್ಯಾಲೆಂಡರೇ ಟ್ರಿಪ್ ಶೀಟ್. ಅವಳು ಓದಿದ್ದು ಮೂರನೇ ಕ್ಲಾಸು, ಅದರಲ್ಲೂ ಅರ್ಧ ದಿನ ಮಾವಿನ ಮರದ ಮೇಲೆ. ಆದರೂ ಗೀಟು ಎಳೆಯಲು ಪದವಿ ಬೇಡ. ಬೆಳಿಗ್ಗೆಯದಕ್ಕೆ ಒಂದು ಗೀಟು, ಸಂಜೆಯದಕ್ಕೆ ಅದನ್ನು ಅಡ್ಡ ಹೊಡೆದು ಇನ್ನೊಂದು. ಗಂಡನ ವಿಸಿಲನ್ನು ತನ್ನ ಕರಿಮಣಿಯ ಪಕ್ಕ ಕೊರಳಿಗೆ ಕಟ್ಟಿಕೊಂಡಳು. ಎಂಟು ಹೊಡೆಯುವಾಗ ಅವಳು ಊದಿದರೆ ತಾರಾನಾಥ ಬಚ್ಚಲಲ್ಲಿದ್ದರೂ ಸೋಪಿನ ಸಮೇತ ಓಡಿ ಬರಬೇಕು. ಕುಲಶೇಖರದ ಕೋಳಿಗಳು ಕೂಗುವುದನ್ನು ಬಿಟ್ಟು ಅವಳ ವಿಸಿಲಿಗೆ ಕಾಯತೊಡಗಿದವು.

ಅವಳಿಗೆ ಇಂಗ್ಲಿಷ್ ಅಕ್ಷರ ಬಾರದು, ಆದರೆ ಸ್ಟ್ರಿಪ್ಪಿನ ಬಣ್ಣ ಗೊತ್ತು. ನೀಲಿ ಗೀಟು, ಬಿಳಿ ಮಾತ್ರೆ, ನಡುವೆ ಒಂದು ಗೆರೆ. ಮಾತ್ರೆಯನ್ನು ಸ್ಟ್ರಿಪ್ಪಿನಿಂದ ತೆಗೆದು ಬೇರೆ ಡಬ್ಬಕ್ಕೆ ಹಾಕಲು ಬಿಡುತ್ತಿರಲಿಲ್ಲ. ದಿನಾ ಬೆಳಿಗ್ಗೆ ಬಂಗುಡೆ ಮೀನು ತಾಜಾ ಉಂಟಾ ಎಂದು ನೋಡುವ ಹಾಗೆ ಗಂಡನನ್ನು ತಿರುಗಿಸಿ ಮುರುಗಿಸಿ ಗುಳ್ಳೆ ಎದ್ದಿದೆಯಾ ಎಂದು ಪರೀಕ್ಷಿಸುತ್ತಿದ್ದಳು. ಹತ್ತು ಮಾತ್ರೆ ಉಳಿಯುವಾಗಲೇ ಲವಿನಾಳ ಮೆಡಿಕಲ್ ಅಂಗಡಿಗೆ ಚೀಟಿ ಹಿಡಿದು ಹೋಗುತ್ತಿದ್ದಳು. ಒಮ್ಮೆ ಲವಿನಾ ಕೆಂಪು ಗೀಟಿನ ಸ್ಟ್ರಿಪ್ ಇಟ್ಟಳು.

“ಇದು ನಮ್ಮವರ ಬಸ್ಸಲ್ಲ.”

“ಅದೇ ಮದ್ದು ಜಲಜಕ್ಕ, ಕಂಪೆನಿ ಬೇರೆ.”

“ಕುಲಶೇಖರ ಬೋರ್ಡ್ ಹಾಕಿದ್ರೆ ಎಲ್ಲ ಬಸ್ಸೂ ಕುಲಶೇಖರಕ್ಕೆ ಹೋಗ್ತದಾ? ನೀನು ಡಾಕ್ಟ್ರಿಗೆ ಕೇಳು.”

ಲವಿನಾ ನಗುತ್ತಾ ಫೋನ್ ಮಾಡಿದಳು. ಮೊದಲಿನ ಕಂಪೆನಿಯದೇ ಸಿಗುವಾಗ ಬದಲಿಸುವುದು ಬೇಡ ಎಂದರು ಡಾಕ್ಟರ್. ಮರುದಿನ ನೀಲಿ ಗೀಟಿನದೇ ಬಂತು. “ಶೀತದ ಮಾತ್ರೆ, ಕಷಾಯದ ಪುಡಿ ಏನು ಕೊಡುವುದಿದ್ದರೂ ನನ್ನತ್ರ ಒಮ್ಮೆ ಕೇಳಿ ಆಯ್ತಾ?” ಎಂದು ಲವಿನಾ ಹೇಳಿದ್ದನ್ನೂ ಜಲಜಾಕ್ಷಿ ಸೆರಗಿಗೆ ಗಂಟು ಹಾಕಿಕೊಂಡಳು. ನಿಜವಾಗಿಯೂ ಒಂದು ಗಂಟು.

ಹೀಗೆ ಸೆಪ್ಟೆಂಬರ್ ಹೋಯಿತು, ದೀಪಾವಳಿ ಹೋಯಿತು, ಕ್ರಿಸ್‌ಮಸ್ ಬಂತು. ತಾರಾನಾಥ ಬೀಳಲಿಲ್ಲ. ಬೀಳದೆ ಇದ್ದದ್ದೇ ಅಪಾಯವಾಯಿತು. ಬೀಳದವನಿಗೆ ಮಾತ್ರೆ ಏಕೆ ಎಂಬ ಹುಳ ತಲೆಗೆ ಹೊಕ್ಕಿತು.

ಜನವರಿಯ ಒಂದು ಸಂಜೆ ಅವನು ನಂತೂರಿನ ಟೈಮ್ ಆಫೀಸಿನ ಬೆಂಚಿನಲ್ಲಿ ಕೂತು ತನ್ನ ಕುರ್ಚಿಯನ್ನು ಕಣ್ತುಂಬ ನೋಡುತ್ತಿದ್ದ. ಅಲ್ಲಿಂದಲೇ ಡಾಕ್ಟರಿಗೆ ಫೋನ್ ಹಚ್ಚಿದ. ಎಡಗಡೆ ಟ್ಯಾಂಕರ್, ಬಲಗಡೆ ಕಂಟೈನರ್, ನಡುವೆ ನಾಲ್ಕು ಬಸ್ಸುಗಳ ಹಾರ್ನು.

“ಡಾಕ್ಟ್ರೇ, ಮಾತ್ರೆ ಇನ್ನೂ ಉಂಟಾ?”

ಡಾಕ್ಟರಿಗೆ ಖುಷಿಯೋ ಖುಷಿ. ಅವರು ಹೊಸದಾಗಿ ಕಲಿತ ಮಂಗಳೂರಿನ ಶಬ್ದವನ್ನೇ ರೋಗಿ ಕೇಳುತ್ತಿದ್ದಾನೆ! ಅದೇ ಶಬ್ದದಲ್ಲಿ, ಇದ್ದ ಪ್ರೀತಿಯನ್ನೆಲ್ಲ ಸೇರಿಸಿ ಹೇಳಿದರು: “ಉಂಟು! ಉಂಟು!”

ಆ ಹೊತ್ತಿಗೆ ಸರಿಯಾಗಿ ಒಂದು ಲಾರಿ ಭೂಮಿ ಬಿರಿಯುವ ಹಾಗೆ ಹಾರ್ನ್ ಹೊಡೆಯಿತು, ಫೋನ್ ಕಟ್ಟಾಯಿತು. ತಾರಾನಾಥನಿಗೆ ಕೇಳಿದ್ದು ‘ಉಂತು’. ತುಳುವಿನಲ್ಲಿ ಉಂತು ಎಂದರೆ ನಿಲ್ಲು. ಮೂವತ್ತೊಂದು ವರ್ಷ ದಿನಕ್ಕೆ ಸಾವಿರ ಸಲ ಕಂಡಕ್ಟರನ ಕಿವಿಗೆ ಬಿದ್ದ ಶಬ್ದ. ಅಜ್ಜಿಯಂದಿರು ಕೊಡೆ ಬೀಸಿ ಉಂತು ಎಂದರೆ ನಿಲ್ಲಿಸಬೇಕು. ಡಾಕ್ಟರಮ್ಮ ತುಳು ಕಲಿತೇಬಿಟ್ಟರು, ಅದೂ ಎರಡು ಸಲ ಹೇಳಿದರು!

ಅವನು ಮನೆಗೆ ಬಂದದ್ದು ಕಂಬಳ ಗೆದ್ದ ಕೋಣದ ಯಜಮಾನನ ಹಾಗೆ. “ಜಲಜಾ! ಮಾತ್ರೆ ಉಂತು! ಡಾಕ್ಟ್ರೇ ಹೇಳಿದ್ರು!”

ಜಲಜಾಕ್ಷಿ ಸಾವಿರ ಪ್ರಶ್ನೆ ಕೇಳುವ ಹೆಂಗಸು. ಆದರೆ ಆ ಸಂಜೆ ಒಂದನ್ನೂ ಕೇಳಲಿಲ್ಲ. ಅವಳಿಗೂ ಅದೇ ಬೇಕಾಗಿತ್ತು. ಗಂಡ ಗುಣವಾಗಿದ್ದಾನೆ ಎಂಬ ಮಾತು ಕಿವಿಗೆ ಬಿದ್ದರೆ ಯಾವ ಹೆಂಡತಿ ರಶೀದಿ ಕೇಳುತ್ತಾಳೆ? ವಿಸಿಲನ್ನು ಕೊರಳಿನಿಂದ ತೆಗೆದು ದೇವರ ಪಟಕ್ಕೆ ತೂಗುಹಾಕಿದಳು. ಕೋಳಿ ಸಾರಿನ ಜೊತೆ ಕೋರಿರೊಟ್ಟಿ ಮಾಡಿದಳು. ಎಂಟು ಹೊಡೆಯಿತು, ಯಾರೂ ಊದಲಿಲ್ಲ.

ಮರುದಿನ ಬೆಳಿಗ್ಗೆ ತಾರಾನಾಥ ಚಾ ಕುಡಿಯುತ್ತಿದ್ದಾಗ ಅವನ ಬಲಗೈ ತಾನಾಗಿಯೇ ಒಮ್ಮೆ ಎಗರಿತು. ಗ್ಲಾಸು ಹಾರಿ ಹೋಗಿ ಬೀಡಿ ಎಲೆಯ ಮೇಲೆ ಬಿತ್ತು. ಇಬ್ಬರೂ ಆ ಕೈಯನ್ನು ನೋಡಿದರು. ಇನ್ನೊಮ್ಮೆ ಎಗರಿತು.

“ಸೊಳ್ಳೆ,” ಎಂದ ತಾರಾನಾಥ.

“ಆನೆಯಷ್ಟು ದೊಡ್ಡ ಸೊಳ್ಳೆಯಾ?” ಎಂದಳು ಜಲಜಾಕ್ಷಿ. ಅವಳ ಧ್ವನಿಯಲ್ಲಿ ತಮಾಷೆ ಇರಲಿಲ್ಲ. ಅವನನ್ನು ಚಾಪೆಯಲ್ಲಿ ಕೂರಿಸಿ, ಸುತ್ತ ಇದ್ದ ಕತ್ತರಿ, ತಡ್ಪೆ, ಸ್ಟೂಲು ಎಲ್ಲ ಆಚೆ ಸರಿಸಿದಳು. ಬಿದ್ದರೆ ಮಗ್ಗುಲಿಗೆ ಹೊರಳಿಸಬೇಕು, ಬಾಯಿಗೆ ಏನೂ ತುರುಕಬಾರದು, ಎಷ್ಟು ನಿಮಿಷವೆಂದು ನೋಡಬೇಕು, ಐದು ನಿಮಿಷಕ್ಕೆ ನಿಲ್ಲದಿದ್ದರೆ ಆಂಬುಲೆನ್ಸು. ಡಾಕ್ಟರ್ ಹೇಳಿದ್ದೆಲ್ಲ ಸರಸರನೆ ನೆನಪಾಯಿತು. ಬೀಗದ ಕೈ ಹುಡುಕಲಿಲ್ಲ. ಫೋನ್ ಹುಡುಕಿದಳು. ಹಾರ್ನಿಲ್ಲದ ಅಡಿಗೆಮನೆಯಲ್ಲಿ ಸ್ಪೀಕರ್ ಹಾಕಿದಳು.

“ಡಾಕ್ಟ್ರೇ, ಮಾತ್ರೆ ಉಂತಾ ಉಂಟಾ?”

“ಅಂದ್ರ?”

“ನಿಲ್ಲಿಸ್ಲಿಕ್ಕೆ ಹೇಳಿದ್ದಾ ನೀವು?”

“ಅಯ್ಯ ನಮ್ಮವ್ವಾ!” ಡಾಕ್ಟರ್ ಕಿರುಚಿದ್ದು ಪಕ್ಕದ ಮನೆಗೂ ಕೇಳಿತು. “ಉಂಟು ಅಂದೀನ್ರೀ! ಐತಿ, ಅದ, ಇದೆ! ಎಲ್ಲಾ ಭಾಷಾದಾಗೂ ಐತಿ! ಎಷ್ಟು ತಪ್ಪ್ಯಾವ?”

“ನಿನ್ನೆ ಸಂಜೆದು ಒಂದು. ಇವತ್ತಿನದು ಎಂಟೂಕಾಲು ಆಯ್ತು, ಕೊಡ್ಲಿಲ್ಲ.”

“ಇವತ್ತಿನದು ಈಗ ಕೊಡ್ರಿ, ಒಂದೇ. ಕೊಟ್ಟು ಸೀದಾ ಕರ್ಕೊಂಡು ಬರ್ರಿ.”

ಅವಳು ನೀಲಿ ಗೀಟಿನಿಂದ ಒಂದನ್ನು ಟಪ್ಪೆಂದು ತೆಗೆದು ಅವನ ಕೈಗೆ ಕೊಟ್ಟಳು. ತಾರಾನಾಥ ನುಂಗಿದ. ದಿನವಿಡೀ ಆಸ್ಪತ್ರೆಯಲ್ಲಿ ಕೂರಿಸಿ ನೋಡಿದರು. ಕೈ ಮತ್ತೆ ಎಗರಲಿಲ್ಲ. “ಬೀಳಲಿಲ್ಲಲ್ಲ, ಅದ ದೊಡ್ಡ ಪುಣ್ಯ,” ಎಂದರು ಡಾಕ್ಟರ್. “ಆರು ತಿಂಗಳು ನಿಮ್ಮ ಕುರ್ಚಿಗೆ. ಮಾತ್ರಿಗಲ್ಲ. ಮಾತ್ರಿ ವರ್ಷಗಟ್ಟಲೆ ಇರತೈತಿ. ನಿಲ್ಲಿಸೋ ಕಾಲ ಬಂದ್ರ ನಾನೇ ಸಾವಕಾಶ ಇಳಿಸ್ತೀನಿ. ಬಸ್ ಫುಲ್ ಸ್ಪೀಡ್ನಾಗ ಇದ್ದಾಗ ಯಾರಾದ್ರೂ ಜಿಗೀತಾರೇನ್ರಿ?”

ಅದು ತಾರಾನಾಥನಿಗೆ ಅರ್ಥವಾಯಿತು. ಓಡುವ ಬಸ್ಸಿನಿಂದ ಹಾರಿದವರನ್ನು ಅವನು ಕಂಡಿದ್ದ.

ಮನೆಗೆ ಬಂದ ಮೇಲೆ ಜಲಜಾಕ್ಷಿ ದೇವರ ಪಟದಿಂದ ವಿಸಿಲ್ ತೆಗೆದು ಮತ್ತೆ ಕೊರಳಿಗೆ ಕಟ್ಟಿಕೊಂಡಳು. “ಹೆರಿಗೆಗೆ ಲೇಟ್ ಬಂದದ್ದು ನಿಮ್ಮ ತಪ್ಪು,” ಎಂದಳು. “ನಿನ್ನೆ ಊದದೆ ಇದ್ದದ್ದು ನನ್ನದು. ಒಂದಕ್ಕೊಂದು ವಜಾ.” ಅವನು ಬೆರಗಾಗಿ ನೋಡಿದ. ಇಪ್ಪತ್ತೆಂಟು ವರ್ಷದ ಕೇಸು ಹೀಗೆ ಮುಗಿಯುತ್ತದೆಂದು ಯಾವ ವಕೀಲನೂ ಹೇಳಿರಲಿಲ್ಲ.

ಅಲ್ಲಿಂದ ಮುಂದೆ ಒಂದೂ ಟ್ರಿಪ್ ಕಟ್ಟಾಗಲಿಲ್ಲ, ಶಿವರಾತ್ರಿಯ ಹಿಂದಿನ ದಿನದವರೆಗೆ.

ಆ ದಿನ ಕಾಟಿಪಳ್ಳದಲ್ಲಿ ಮಗಳು ಅಕ್ಷಿತಾಳ ಮನೆಯಲ್ಲಿ ಮೊಮ್ಮಗಳ ಹುಟ್ಟುಹಬ್ಬ. ಜಲಜಾಕ್ಷಿಗೆ ಕಟ್ಟಿದ ಬೀಡಿ ಒಪ್ಪಿಸುವ ದಿನವಾದ್ದರಿಂದ ತಾರಾನಾಥ ಒಬ್ಬನೇ ಹೋದ. ಹೋಗುವಾಗ ಅವಳು ನೂರಾಎಂಟು ಸಲ ಹೇಳಿ ಕಳಿಸಿದಳು: ಬಸ್ಸಿನ ಒಳಗೆ ಕೂತುಕೊಳ್ಳಿ, ಬೇಗ ಮಲಗಿ, ನಾಳೆಯ ಶಿವರಾತ್ರಿ ಜಾಗರಣೆ ನನಗೆ, ನಿಮಗಿಲ್ಲ. ರಾತ್ರಿ ಎಂಟಕ್ಕೆ ಫೋನಿನಲ್ಲಿ ಊದಿದಳು. ಅವನು ಸ್ಟ್ರಿಪ್ಪನ್ನು ಫೋನಿನ ಹತ್ತಿರ ಹಿಡಿದು ಟಪ್ಪೆನ್ನಿಸಿದ. ಆ ಶಬ್ದ ಕೇಳಿಯೇ ಅವಳು ಗೀಟು ಎಳೆದದ್ದು.

ಶಿವರಾತ್ರಿಯ ಬೆಳಿಗ್ಗೆ ಎಂಟು. ಊದಿದಳು.

“ಹಾಂ, ತಗೊಂಡೆ,” ಎಂದ ತಾರಾನಾಥ.

“ಸೌಂಡ್ ಎಲ್ಲಿ?”

“ಎಂತ ಸೌಂಡ್?”

“ಟಪ್ ಸೌಂಡ್. ನನಗೆ ಕಿವಿ ಉಂಟು.”

ಆಚೆಯಿಂದ ಸಣ್ಣ ಧ್ವನಿ: “ನಿನ್ನೆಯದು ಸ್ಟ್ರಿಪ್ಪಿನ ಕೊನೆಯದ್ದು ಮಾರಾಯ್ತಿ. ನೋಡದೆ ಅದನ್ನೇ ತಂದೆ. ಹೊಸದು ಅಲ್ಲೇ ಉಂಟು. ಇಲ್ಲಿ ಮೆಡಿಕಲ್ ತೆರೆಯುದು ಹತ್ತಕ್ಕೆ. ಚೀಟಿಯೂ ನಿನ್ನ ಹತ್ರ. ನೀನು ಹೆದರ್ತಿ ಅಂತ…”

“ನಾನು ಹೆದರುದಿಲ್ಲ. ನಾನು ಕೊಲ್ಲುದು. ಈಗ ಅಕ್ಷಿತಾಳಿಗೆ ಹೇಳಿ, ಸೋಫಾದಲ್ಲಿ ಕೂತ್ಕೊಳ್ಳಿ. ಏಳ್ಬೇಡಿ. ಎಂಟರ ಟ್ರಿಪ್ ಲೇಟ್ ಉಂಟು. ಕಟ್ ಇಲ್ಲ.”

ಹೊಸ ಸ್ಟ್ರಿಪ್ ಮತ್ತು ಚೀಟಿಯನ್ನು ಒಂದು ಪ್ಲಾಸ್ಟಿಕ್ಕಿನಲ್ಲಿ ಹಾಕಿ, ಬೀಡಿಯ ನೂಲಿನಿಂದ ಬಿಗಿದು, ಚಪ್ಪಲಿ ಹಾಕಿದಳೋ ಇಲ್ಲವೋ, ಜಲಜಾಕ್ಷಿ ರಸ್ತೆಗೆ ಹಾರಿದಳು. ‘ಸುಮಯ್ಯಾ’ ಬಸ್ಸು ಸ್ಟಾಪಿನಿಂದ ಹೊರಟಾಗಿತ್ತು. ಅವಳು ವಿಸಿಲ್ ಊದಿದಳು. ಡ್ರೈವರ್ ಮೂವತ್ತೊಂದು ವರ್ಷದ ಅಭ್ಯಾಸದಿಂದ ಗಕ್ಕನೆ ಬ್ರೇಕ್ ಹಾಕಿದ. ಒಳಗಿದ್ದ ಒಂದು ಬಸ್ಸು ಜನ ಒಟ್ಟಿಗೆ ದೇವರಿಗೆ ಅಡ್ಡಬಿದ್ದರು.

“ತಾರಣ್ಣನ ಮಾತ್ರೆ! ಎಂಟರದ್ದು! ಪೋಯಿ!” ಎಂದಳು ಏದುಸಿರಿನಲ್ಲಿ. ಪೋಯಿ ಎಂದರೆ ಹೋಗೋಣ. ಅದನ್ನು ಕೇಳಿದ ಮೇಲೆ ಆ ಬಸ್ಸು ನಡುವೆ ಎಲ್ಲಿಯೂ ನಿಲ್ಲಲಿಲ್ಲ. ಇಳಿಯಬೇಕಾದವರೂ ಇಳಿಸಿ ಎನ್ನಲಿಲ್ಲ.

ನಂತೂರಿನಲ್ಲಿ ಸುರತ್ಕಲ್ ಕಡೆಯ ಬಸ್ಸು ರಸ್ತೆಯ ಆಚೆ ಬದಿಯಲ್ಲಿ ಕುದಿಯುತ್ತಾ ನಿಂತಿತ್ತು. ನಡುವೆ ಲಾರಿಗಳ ಸಾಲು. ಜಲಜಾಕ್ಷಿ ಕೈಯೆತ್ತಿ, ಕೊರಳಿನ ವಿಸಿಲ್ ಬಾಯಿಗಿಟ್ಟು, ಉಸಿರಿದ್ದಷ್ಟೂ ಊದಿದಳು. ಹದಿನಾರು ಚಕ್ರದ ಲಾರಿಯೊಂದು ಅವಳ ಮುಂದೆ ಬೆಕ್ಕಿನ ಮರಿಯ ಹಾಗೆ ಮುದುರಿ ನಿಂತಿತು. ಅದರ ಹಿಂದೆ ಪಣಂಬೂರಿನ ತನಕ ಎಲ್ಲವೂ ನಿಂತವು ಎಂದು ಕಂಡವರು ಹೇಳುತ್ತಾರೆ; ಕಾಣದವರು ಉಡುಪಿಯ ತನಕ ಅನ್ನುತ್ತಾರೆ. ಅವಳು ದಾಟಿ, ಕಂಡಕ್ಟರನ ಕೈಯಲ್ಲಿ ಕಟ್ಟನ್ನು ಇಟ್ಟಳು.

“ಕಾಟಿಪಳ್ಳ. ತಾರಣ್ಣನಿಗೆ. ಸ್ಟಾಪಲ್ಲಿ ಮಗಳು ನಿಂತಿರ್ತಾಳೆ.”

“ನಮ್ಮ ತಾರಣ್ಣನಿಗಾ? ನೀವು ಈಗ ಗಡಿಯಾರ ನೋಡಿ ಅಕ್ಕ!” ಎಂದು ಅವನು ಫುಟ್‌ಬೋರ್ಡಿಗೆ ಹಾರಿದ. ಸುರತ್ಕಲ್ಲಿನಲ್ಲಿ ಕಾಟಿಪಳ್ಳದ ಬಸ್ಸಿಗೆ ಫೋನ್ ಮೊದಲೇ ಹೋಗಿತ್ತು. ಅದು ಮೂತಿ ತಿರುಗಿಸಿ ತಯಾರಾಗಿ ನಿಂತಿತ್ತು. ಕಟ್ಟು ಕಿಟಕಿಯಿಂದ ಕಿಟಕಿಗೆ ಹೋಯಿತು.

ಜಲಜಾಕ್ಷಿ ಅಲ್ಲೇ ಟೈಮ್ ಆಫೀಸಿನ ಮುಂದೆ ಕುಸಿದು ಕೂತಳು. ಫೋನ್ ಮಡಿಲಲ್ಲಿ. ಆರು ತಿಂಗಳಿಗೆ ಇನ್ನೊಂದೇ ದಿನ ಉಳಿದಿತ್ತು. ಈಗ ಅವನು ಬಿದ್ದರೆ? ಅವಳು ಬೈಗುಳಗಳನ್ನೆಲ್ಲ ಬಿಟ್ಟು, ಕಣ್ಣು ಮುಚ್ಚಿ ಕೂತಳು. ಬೂಬಣ್ಣ ಅವಳನ್ನು ಯಾವುದೋ ಬಸ್ಸೆಂದು ತಿಳಿದು ನಂಬರ್ ಕೇಳಿದ.

ಒಂಬತ್ತು ಗಂಟೆ ಎರಡು ನಿಮಿಷಕ್ಕೆ ಫೋನ್ ಬಡಿದುಕೊಂಡಿತು. ಅವಳು ಕಿವಿಗಿಟ್ಟಳು. ಆಚೆಯಿಂದ ಹಲೋ ಎಂದೂ ಹೇಳಲಿಲ್ಲ.

ಟಪ್.

ಜಲಜಾಕ್ಷಿ ಅತ್ತಳು. ನಂತೂರಿನ ಸರ್ಕಲ್ಲಿನಲ್ಲಿ, ಸಮಸ್ತ ಲಾರಿಗಳ ಎದುರಿಗೆ.

“ಎಂತ ಜಲಜಕ್ಕ ಇದು?” ಎಂದು ಯಾರೋ ಕೇಳಿದರು. ಉಮರಬ್ಬ! ಬೂಬಣ್ಣನ ಜೊತೆ ಮಾತಾಡಲು ಬಂದಿದ್ದವರು ಮೊದಲಿನಿಂದ ಕೊನೆಯ ತನಕ ಎಲ್ಲವನ್ನೂ ನೋಡಿದ್ದರು. ಅವಳು ಥಟ್ಟನೆ ಎದ್ದು ನಿಂತಳು. ಕುರ್ಚಿ ಹೋಯಿತು! ಆದರೂ ಸುಳ್ಳು ಹೇಳಲಿಲ್ಲ.

“ಇವರು ಮಾತ್ರೆ ಮರೆತು ಹೋದದ್ದು. ಎಂಟರದ್ದು ಒಂಬತ್ತಕ್ಕೆ ಆಯ್ತು. ಬೀಳ್ಲಿಲ್ಲ. ನೀವು ಬೇಕಾದ್ರೆ ಕುರ್ಚಿ ಬೇರೆಯವರಿಗೆ ಕೊಡಿ, ನಾನು ಬೇಜಾರು ಮಾಡುದಿಲ್ಲ. ಒಂದು ವರ್ಷ ಬೈತೇನೆ ಅಷ್ಟೆ.”

ಉಮರಬ್ಬ ಟೊಪ್ಪಿ ತೆಗೆದು ತಲೆ ತುರಿಸಿಕೊಂಡರು. “ಮೂರು ಬಸ್ಸು. ಎಂಟು ಗಂಟೆಯ ಜಾಮ್. ಒಂದು ಗಂಟೆ ಎರಡು ನಿಮಿಷಕ್ಕೆ ಕಾಟಿಪಳ್ಳದಲ್ಲಿ ಡೆಲಿವರಿ. ನನ್ನ ಬಸ್ಸುಗಳು ಹುಟ್ಟಿದಲ್ಲಿಂದ ಈ ಟೈಮಿಂಗ್ ಕೊಟ್ಟದ್ದಿಲ್ಲ ಮಾರಾಯ್ತಿ. ನಾನೀಗ ಯೋಚನೆ ಮಾಡ್ತಾ ಇರುದು ಬೇರೆ. ಈ ಕುರ್ಚಿ ಅವನಿಗೆ ಕೊಡುದಾ, ನಿನಗಾ?”

“ನನಗೆ ಬೇಡ. ನನಗೆ ಒಂದೇ ಬಸ್ಸು ಸಾಕು. ಅದನ್ನು ಸುಧಾರಿಸ್ಲಿಕ್ಕೇ ಆಗುದಿಲ್ಲ.”

ಮರುದಿನ ಡಾಕ್ಟರ್ ಸುಪ್ರೀತಾ ಕಾಗದ ಬರೆದುಕೊಟ್ಟರು. ಒಳಗೆ ಕೂತು ಮಾಡುವ ಕೆಲಸಕ್ಕೆ ಅಡ್ಡಿಯಿಲ್ಲ, ರಸ್ತೆಗೆ ಇಳಿಯಬಾರದು, ಮಾತ್ರೆ ಮುಂದುವರಿಯಬೇಕು. ಕೊನೆಯ ಸಾಲನ್ನು ಬಾಯಲ್ಲಿ ಹೇಳುವಾಗ ಬಹಳ ಜಾಗ್ರತೆ ವಹಿಸಿದರು: “ಉಂ-ಟು. ಟಣಟಣ ಅನ್ನೋ ಟು.” ಇನ್ನು ಮುಂದೆ ಒಂದು ಸ್ಟ್ರಿಪ್ ಮನೆಯಲ್ಲಿ, ಒಂದು ಅಂಗಿಯ ಕಿಸೆಯಲ್ಲಿ, ಚೀಟಿಯ ಒಂದು ಪ್ರತಿ ಅದರ ಜೊತೆ ಎಂದು ಜಲಜಾಕ್ಷಿಯೇ ಕಾನೂನು ಮಾಡಿದಳು.

ಸೋಮವಾರ ಬೆಳಿಗ್ಗೆ ತಾರಾನಾಥ ಇಸ್ತ್ರಿ ಹಾಕಿದ ಅಂಗಿಯಲ್ಲಿ ಟೈಮ್ ಆಫೀಸಿನ ಕುರ್ಚಿಯಲ್ಲಿ ಕೂತ. ಉಮರಬ್ಬ ಕುರ್ಚಿಯ ಮುಂದೆ ಅಡ್ಡ ಕಂಬಿ ಹಾಕಿಸಿದ್ದರು, ಯಾರೂ ರಸ್ತೆಯ ಕಡೆ ಉರುಳದ ಹಾಗೆ. ಜಲಜಾಕ್ಷಿ ಬೆಂಚಿನಲ್ಲಿ ಕೂತಿದ್ದಳು, ಮೊದಲ ದಿನ ಮಾತ್ರ ಎಂದು ಹೇಳಿ. ಎಂಟಕ್ಕೆ ಇನ್ನೊಂದು ನಿಮಿಷವಿರುವಾಗ ಅವಳು ವಿಸಿಲಿಗೆ ಕೈ ಹಾಕಿದಳು.

ಊದಬೇಕಾಗಿ ಬರಲಿಲ್ಲ. ಕುಲಶೇಖರದಿಂದ ‘ಸುಮಯ್ಯಾ’ ಆ ದಿನ ಹನ್ನೆರಡು ನಿಮಿಷ ಮೊದಲೇ ಬಂತು. ಫುಟ್‌ಬೋರ್ಡಿನಲ್ಲಿ ನೇತಾಡುತ್ತಿದ್ದ ಹೊಸ ಕಂಡಕ್ಟರ್ ಕಿರುಚಿದ: “ತಾರಣ್ಣಾ, ಎಂಟು! ಉಂಟಾ?” ಹಿಂದೆಯೇ ಸುರತ್ಕಲ್ಲಿನದು: “ಉಂಟಾ ತಾರಣ್ಣಾ?” ಅದರ ಹಿಂದೆ ಇನ್ನೆರಡು. ಏನು ಎತ್ತ ಗೊತ್ತಿಲ್ಲದ ಒಂದು ಟ್ಯಾಂಕರಿನವನೂ ತಲೆ ಹೊರಗೆ ಹಾಕಿ ಕೇಳಿದ: “ಉಂಟಾ?”

ತಾರಾನಾಥ ಎದ್ದು ನಿಂತ. ಕಿಸೆಯಿಂದ ನೀಲಿ ಗೀಟಿನ ಸ್ಟ್ರಿಪ್ ತೆಗೆದು, ನಂತೂರಿನ ಆಕಾಶಕ್ಕೆ ಎತ್ತಿ ಹಿಡಿದು, ಟಪ್ಪೆನ್ನಿಸಿ, ನುಂಗಿ, ನೀರು ಕುಡಿದು, ಮೂವತ್ತೊಂದು ವರ್ಷದ ಗಂಟಲಿನಿಂದ ಕೂಗಿದ:

“ಉಂಟು!”

ಜಲಜಾಕ್ಷಿ ಗಡಿಯಾರ ನೋಡಿದಳು. ಸರಿಯಾಗಿ ಎಂಟು. ಹೆಮ್ಮೆಯಿಂದ ಅವಳ ಎದೆ ಎಷ್ಟು ಉಬ್ಬಿತೆಂದರೆ ವಿಸಿಲ್ ತಾನಾಗಿಯೇ ಊದಿಕೊಂಡಿತು. ನಾಲ್ಕೂ ಬಸ್ಸುಗಳು ಒಟ್ಟಿಗೆ ಹೊರಟವು.